ಕಾಲಿನದೋ, ಕಾರಿನದೋ

ನನ್ನದೊಂದು ವಿಚಿತ್ರ ಸ್ವಭಾವ. ಮನೆಯಲ್ಲಿ ಯಾವ ಯಂತ್ರ ಕೈಕೊಟ್ಟರೂ ನಾನು ಮೊದಲು ಅನುಮಾನಪಡುವುದು ನನ್ನನ್ನೇ. ಫೋನಿನಲ್ಲಿ ಮಾತು ಕೇಳಿಸದಿದ್ದರೆ ಕಿವಿಗೆ ಎಣ್ಣೆ ಬಿಟ್ಟುಕೊಳ್ಳುತ್ತೇನೆ. ಟಿ.ವಿ. ಮಸುಕಾದರೆ ಕನ್ನಡಕ ಒರೆಸುತ್ತೇನೆ. ಒಮ್ಮೆ ತೂಕದ ಯಂತ್ರ ಕೆಟ್ಟು ಏನೇನೋ ತೋರಿಸಿದಾಗ, ಅದನ್ನು ರಿಪೇರಿಗೆ ಕೊಡುವ ಬದಲು ರಾತ್ರಿಯೂಟ ಬಿಟ್ಟಿದ್ದೆ. ಹೀಗಿರುವಾಗ ನಮ್ಮ ಹಳೆಯ ಕಾರಿನ ಬ್ರೇಕ್ ಪೆಡಲ್ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಬಂದರೆ ಇನ್ನೇನು ಅಂದುಕೊಳ್ಳಲಿ? ನನ್ನ ಬಲಗಾಲು ಸೋಲುತ್ತಿದೆ ಎಂದೇ ತೀರ್ಮಾನಿಸಿದೆ.

ಕಾರು ಅಂದೆನಲ್ಲ, ಅದು ಹೆಸರಿಗೆ ಮಾತ್ರ. ತಮಿಳುನಾಡಿನ ಗಡಿಯೊಳಗೆ, ತಾಳವಾಡಿ ಹತ್ತಿರದ ತಿಗನಾರೆಯಲ್ಲಿ ನಮ್ಮದು ಕೋಸು, ಟೊಮೆಟೊ ಸಸಿ ಬೆಳೆಸುವ ನರ್ಸರಿ. ಕಾರಿನ ಹಿಂದಿನ ಸೀಟು ಕಿತ್ತು, ಸಸಿ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಸುತ್ತಲಿನ ಹೊಲಗಳಿಗೆ ನಾನೇ ತಲುಪಿಸುತ್ತೇನೆ. ಮುಂದಿನ ಸೀಟು ನಮ್ಮ ಅತ್ತೆಯದು. ಟ್ರೇ ಇಳಿಸಿಕೊಡುವುದು ಅವರ ನೆಪ, ಊರೂರು ನೋಡುವುದು ಆಸೆ. ನನ್ನ ಕಾಲಿನ ಕಥೆ ಕೇಳಿ ಅವರು ಆ ದಿನವೇ ಹುರುಳಿ ನೆನೆಹಾಕಿದರು. "ಉಳ್ಳಿಸಾರ್ ಉಣ್ಣವ್ವ, ಕಾಲ್ಗ ಸಕ್ತಿ ಬತ್ತದ" ಅಂದರು. ಉಂಡೆ. ಕಾಲಿಗೆ ಏನು ಬಂತೋ ಗೊತ್ತಿಲ್ಲ, ಪೆಡಲ್ ಮಾತ್ರ ಇನ್ನಷ್ಟು ಗಟ್ಟಿಯಾಯಿತು. ಕಾರು ನಿಂತಲ್ಲೇ ಗಡಗಡ ನಡುಗಲೂ ಶುರುಮಾಡಿತು. ಅದಕ್ಕೂ ವಯಸ್ಸಾಯಿತಲ್ಲ, ನನ್ನ ಹಾಗೇ ಎಂದುಕೊಂಡೆ.

ಆಮೇಲೊಂದು ದಿನ ಸಸಿ ಕೊಡಲು ಹೊರಟಾಗ ತಾಳಮಲೆ ರಸ್ತೆಯ ಚೆಕ್‌ಪೋಸ್ಟ್ ಬಂತು. ಇಳಿಜಾರಿನಲ್ಲಿ ದೂರದಿಂದಲೇ ಬ್ರೇಕ್ ಒತ್ತಿದೆ. ಕಲ್ಲು ತುಳಿದ ಹಾಗಿತ್ತು. ಸೀಟಿನಿಂದ ಅರ್ಧ ಎದ್ದು, ಸ್ಟೇರಿಂಗ್ ಜಗ್ಗಿ ಹಿಡಿದು ತುಳಿದೆ. ಪಕ್ಕದಲ್ಲಿ ಅತ್ತೆಯೂ ತಮ್ಮ ಕಡೆ ಇಲ್ಲದ ಬ್ರೇಕನ್ನು ಎರಡೂ ಕಾಲಲ್ಲಿ ತುಳಿದರು. ಕಾರು ಮೆಲ್ಲಗೆ ಹೋಗಿ, ಅಡ್ಡ ಹಾಕಿದ್ದ ಕಂಬಕ್ಕೆ ಮೂಗು ತಾಗಿಸಿ ನಿಂತಿತು. ಅರಣ್ಯದ ಕಾವಲುಗಾರ ಹೊರಗೆ ಬಂದು ಕಂಬವನ್ನೂ ನನ್ನನ್ನೂ ನೋಡಿದ.

"ಏನಮ್ಮಾ, ನಾನ್ ಎತ್ತಗಂಟ ತಡ್ಯಕ್ಕಾಗ್ನಿಲ್ವಾ?"

"ಕಾಲ್ಲಿ ಸಕ್ತಿ ಇಲ್ಲ ಕಣಣ್ಣ" ಅಂದೆ.

ಅವನು ನಕ್ಕ. ನನಗೆ ನಗು ಬರಲಿಲ್ಲ. ಕಂಬದ ಜಾಗದಲ್ಲಿ ಅವನೇ ನಿಂತಿದ್ದರೆ ಏನು ಗತಿ ಎಂಬ ಯೋಚನೆ ಬಂತು. ಮೊದಲನೇ ಗೇರಿನಲ್ಲಿ, ಒಂದು ಕೈ ಹ್ಯಾಂಡ್ ಬ್ರೇಕಿನ ಮೇಲಿಟ್ಟುಕೊಂಡು ತೆವಳುತ್ತ ಮನೆ ಸೇರಿದೆವು.

ಮರುದಿನ ಕಾರು ಮುಟ್ಟದೆ ಬಸ್ಸು ಹತ್ತಿ ತಾಳವಾಡಿಯ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಪಾದಕ್ಕೆ ಅಂಗೈ ಕೊಟ್ಟು "ಜೋರಾಗಿ ತಳ್ಳಿ" ಎಂದರು. ತಳ್ಳಿದೆ. ಚಕ್ರದ ಕುರ್ಚಿಯ ಸಮೇತ ಗೋಡೆಯವರೆಗೆ ಹೋದ ಡಾಕ್ಟರು ಅಲ್ಲಿಂದಲೇ ಹೇಳಿದರು: "ಕಾಲು ಚೆನ್ನಾಗಿದೆ. ಕಾರು ತೋರಿಸಿ."

ತಪ್ಪು ಕಾಲಿನದಲ್ಲ ಎಂದಮೇಲೆ ಕಾರಿನಲ್ಲಿ ಯಾತರದು? ಈ ಪ್ರಶ್ನೆ ಹೊಕ್ಕಮೇಲೆ ನನಗೆ ಸಮಾಧಾನವೇ ಇಲ್ಲ. ಮನೆಗೆ ಬಂದು ಫೋನಿನಲ್ಲಿ ಹುಡುಕಿ, ಯಾರೋ ತಮಿಳಿನಲ್ಲಿ ವಿವರಿಸಿದ ವಿಡಿಯೊ ನೋಡಿದೆ. ಬ್ರೇಕ್ ಒತ್ತುವಾಗ ನಮ್ಮ ಕಾಲಿನ ಜೊತೆಗೆ ಇಂಜಿನ್ನೂ ಕೈಜೋಡಿಸುತ್ತದಂತೆ. ಒಂದು ಪೈಪಿನ ಮೂಲಕ ಗಾಳಿ ಹೀರಿಕೊಂಡು ಪೆಡಲ್ ಹಗುರ ಮಾಡಿಕೊಡುತ್ತದಂತೆ. ಪರೀಕ್ಷೆಯೂ ಸುಲಭ. ಇಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕಾರು ಸಲ ತುಳಿದು, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಬೇಕು. ಪೆಡಲ್ ತುಸು ಕೆಳಗಿಳಿದರೆ ಆ ಸಹಾಯ ಸಿಗುತ್ತಿದೆ ಎಂದರ್ಥ. ನಮ್ಮದು ಕದಲಲಿಲ್ಲ. ಇಷ್ಟು ದಿನ ಇಡೀ ಕಾರನ್ನು ನಾನೊಬ್ಬಳೇ ನಿಲ್ಲಿಸುತ್ತಿದ್ದೆ! ಹೆದರಿಕೆಯ ನಡುವೆಯೂ ಸ್ವಲ್ಪ ಹೆಮ್ಮೆಯಾಯಿತು.

ಬಾನೆಟ್ ಎತ್ತಿ ಇಂಜಿನ್ ಸ್ಟಾರ್ಟ್ ಮಾಡಿ, ಅತ್ತೆಗೆ "ಏನಾದ್ರೂ ಸದ್ದು ಬತ್ತದಾ ವಸಿ ಕೇಳಿ" ಅಂದೆ. ಬಗ್ಗಿದವರೇ ಹಿಂದಕ್ಕೆ ಹಾರಿದರು.

"ಆವು ಕಣವ್ವ! ಬುಸ್‌ಗುಟ್ತಾ ಅದ!"

ಕೋಲು ತಂದರು. ನಾನು ಇಂಜಿನ್ ಆಫ್ ಮಾಡಿದೆ. ಹಾವು ಸುಮ್ಮನಾಯಿತು. ಸ್ಟಾರ್ಟ್ ಮಾಡಿದೆ. ಬುಸುಗುಟ್ಟಿತು. ಇಷ್ಟು ಶಿಸ್ತಿನ ಹಾವನ್ನು ನಾನು ಕಂಡಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ, ಒಂದು ಮೂಲೆಯಲ್ಲಿ ನಮ್ಮದೇ ನರ್ಸರಿಯ ತೆಂಗಿನ ನಾರಿನಿಂದ ಇಲಿ ಮೆತ್ತನೆಯ ಗೂಡು ಕಟ್ಟಿತ್ತು. ವಿಡಿಯೊದಲ್ಲಿ ತೋರಿಸಿದ್ದ ಆ ಪೈಪು, ಪಕ್ಕದ ದಪ್ಪ ರಬ್ಬರಿನದು, ಅದನ್ನೇ ಕಡಿದಿತ್ತು. ಕಡಿದ ಕಡೆ ಒದ್ದೆ ಬಟ್ಟೆ ಒತ್ತಿ ಹಿಡಿದೆ. ಬುಸುಗುಟ್ಟುವುದು ನಿಂತಿತು. ಅಷ್ಟು ದಿನ ನಡುಗುತ್ತಿದ್ದ ಇಂಜಿನ್ನೂ ಸಮಾಧಾನವಾಯಿತು. ನನಗಾದ ಸಂತೋಷ ಹೇಳತೀರದು. ಅತ್ತೆಯ ಕೈಗೂ ಬಟ್ಟೆ ಕೊಟ್ಟು ಇನ್ನೊಮ್ಮೆ ಮಾಡಿಸಿದೆ.

ಫೋನ್ ಮಾಡಿದ್ದಕ್ಕೆ ಮೆಕ್ಯಾನಿಕ್ ರಂಗಸ್ವಾಮಿ "ಓಡುಸ್ಬ್ಯಾಡಿ, ನಾನೇ ಬತ್ತೀನಿ" ಎಂದು ಬೈಕಿನಲ್ಲಿ ಬಂದ. ಗೂಡು ಕಿತ್ತು, ಹೊಸ ಪೈಪು ಹಾಕಿ, ಕ್ಲಿಪ್ ಬಿಗಿಮಾಡಿದ. ಪೆಡಲ್ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದೆ. ಸದ್ದಿಲ್ಲದೆ ಕೆಳಗಿಳಿಯಿತು.

ಆ ಸಂಜೆಯೇ ಟ್ರೇ ತುಂಬಿಕೊಂಡು ಹೊರಟೆವು. ಊರ ಹೊರಗೆ ಒಂದು ಹಸು ಅಡ್ಡ ಬಂತು. ಅಭ್ಯಾಸಬಲದಿಂದ ಎದ್ದು ತುಳಿದೆ. ಕಾರು ಅಲ್ಲೇ ನೆಟ್ಟ ಹಾಗೆ ನಿಂತಿತು. ಹಸುವಿಗೆ ಏನೂ ಆಗಲಿಲ್ಲ. ಹಿಂದಿನ ಟ್ರೇಗಳು ಮುಂದಕ್ಕೆ ಬಂದು ಅತ್ತೆಯ ತಲೆ, ಹೆಗಲು, ಮಡಿಲೆಲ್ಲ ಕೋಸಿನ ಸಸಿಯಾಯಿತು.

"ನಿಲ್ಸದು ಅಂದ್ರ ಇಂಗ ಮೊಳೆ ಒಡ್ದಂಗ ನಿಲ್ಸಾರಾ?" ಎಂದು ಅತ್ತೆ ಮಣ್ಣು ಕೊಡವಿಕೊಂಡರು.

ಆದ್ದರಿಂದ ಈಗ ದಿನಾ ಬೆಳಿಗ್ಗೆ ಅಂಗಳದಲ್ಲೇ ಇಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕದೆ, ಕಾಲಿನ ಹೆಬ್ಬೆರಳಿನಿಂದ ಮೆತ್ತಗೆ ಬ್ರೇಕ್ ಒತ್ತುವುದನ್ನು ರೂಢಿಮಾಡಿಕೊಳ್ಳುತ್ತಿದ್ದೇನೆ. ಮೊನ್ನೆ ಹಾಗೆ ಕೂತಿದ್ದಾಗ ಪಕ್ಕದ ಹೊಲದ ಬಸವಣ್ಣ ಬಂದು, ಬಾಗಿಲು ತೆಗೆದು ಪಕ್ಕದಲ್ಲಿ ಕೂತು, ಟವಲ್ ಮಡಿಚಿ ತೊಡೆಯ ಮೇಲಿಟ್ಟುಕೊಂಡರು. ನಾನು ಒತ್ತುತ್ತಿದ್ದೆ, ಬಿಡುತ್ತಿದ್ದೆ. ಅವರು ಬಹಳ ಹೊತ್ತು ತಾಳ್ಮೆಯಿಂದ ರಸ್ತೆ ನೋಡಿದರು.

"ತಾಳವಾಡಿಗ ಯಾವಾಗ ಒರಡದವ್ವ?"

"ಒರಡಕಿಲ್ಲ ಕಣಣ್ಣ. ಕಾರ್ ನಿಲ್ಸದ ಕಲೀತಾ ಇವ್ನಿ."

ಅವರು ಕಿಟಕಿಯಿಂದ ತಲೆ ಹೊರಹಾಕಿ ಮುಂದಿನ ಚಕ್ರ ನೋಡಿದರು, ಹಿಂದಿನ ಚಕ್ರ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನಿಂತೇ ಅದಲ್ಲವ್ವ!"