ಬೀಜದ ಮೇಳಕ್ಕೆ ಭೀಮರಾಜನ ಕಾವಲು

“ದೊಡ್ಡಬಳ್ಳಾಪುರದ ಇತಿಹಾಸದಲ್ಲೇ ಇಂಥ ಬೀಜ ವಿನಿಮಯ ಮೇಳ ನಡೆದಿಲ್ಲ, ಇನ್ಮುಂದೆ ನಡೆಯೋದೂ ಇಲ್ಲ! ಒಂದೇ ಒಂದು ಕಾಳು ಆಚೀಚೆ ಆಗಲ್ಲ. ಬೇಕಾದ್ರೆ ಬರ್ಕೋ!” ಎಂದು ಭೀಮರಾಜ್ ಭಾನುವಾರ ಬೆಳಿಗ್ಗೆ ಕಾಫಿ ಲೋಟವನ್ನು ಗದೆಯಂತೆ ಎತ್ತಿ ಹಿಡಿದು ಘೋಷಿಸಿದ.

ಹೆಂಡತಿ ಪವಿತ್ರ ಬರೆದುಕೊಳ್ಳಲಿಲ್ಲ. ದೋಸೆ ಮಗುಚಿದಳು. “ಮೊದ್ಲು ಲೋಟ ಕೆಳಗಿಡಿ. ಕಾಫಿ ಆಚೀಚೆ ಆಗ್ತಿದೆ.”

ಭೀಮರಾಜನ ಧೈರ್ಯಕ್ಕೆ ಕಾರಣವಿತ್ತು. ಅವನು ಊರಾಚೆಯ ಕೈಗಾರಿಕಾ ಪ್ರದೇಶದ ಗೋಡೌನೊಂದರಲ್ಲಿ ಡಿಸ್ಪ್ಯಾಚ್ ಸೂಪರ್‌ವೈಸರ್. ಹೊರಗೆ ಹೋಗುವ ಪ್ರತಿ ಪೆಟ್ಟಿಗೆಯನ್ನೂ, ಅದನ್ನು ಹೊತ್ತವನನ್ನೂ, ಅವನ ಹಿಂದೆ ನಿಂತವನನ್ನೂ ಅನುಮಾನದಿಂದ ನೋಡುವುದಕ್ಕೇ ಅವನಿಗೆ ಸಂಬಳ. ಬೇರೆಯವರು ಕೆಲಸವನ್ನು ಕೆಲಸದ ಜಾಗದಲ್ಲೇ ಬಿಟ್ಟು ಬರುತ್ತಾರೆ. ಇವನು ಅನುಮಾನವನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಕರೆತರುತ್ತಿದ್ದ. ಹಾಲಿನ ಪ್ಯಾಕೆಟ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದ. ಅತ್ತೆ ಮನೆಯಲ್ಲಿ ಎರಡನೇ ಸಲ ಪಾಯಸ ಬಡಿಸಿದರೆ, ‘ಮೊದಲನೇ ಸಲ ಕಡಿಮೆ ಹಾಕಿರಬೇಕು’ ಎಂದುಕೊಳ್ಳುತ್ತಿದ್ದ.

ಇಂಥವನು ತಾರಸಿ ತೋಟದ ಹುಚ್ಚು ಹಿಡಿಸಿಕೊಂಡು, ಬಡಾವಣೆಯ ಗಿಡಪ್ರಿಯರನ್ನೆಲ್ಲ ವಾಟ್ಸಾಪ್ ಗುಂಪಿನಲ್ಲಿ ಸೇರಿಸಿ, ಮುಂಗಾರು ಶುರುವಾಗುತ್ತಲೇ ಮೇಳಕ್ಕೆ ಕರೆ ಕೊಟ್ಟಿದ್ದ. ಮನೆಯಲ್ಲಿ ಕಟ್ಟಿಟ್ಟ ಬೀಜ ತರಬೇಕು, ತಟ್ಟೆಯಲ್ಲಿ ಇಡಬೇಕು, ತಮ್ಮದನ್ನು ಕೊಟ್ಟು ಇನ್ನೊಬ್ಬರದನ್ನು ಪಡೆಯಬೇಕು. ಅಷ್ಟೇ.

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಹಿಂದಿನ ದಿನ ಅತ್ತೆ ಅಕ್ಕಯಮ್ಮ ಆವತಿಯಿಂದ ಬಸ್ಸು ಹತ್ತಿ ಬಂದು, ಒಣಗಿದ ಸೋರೆಬುರುಡೆಯಿಂದ ಬೂದಿ ಬೆರೆಸಿದ ಒಂದು ಬೊಗಸೆ ಚಪ್ಪರದವರೆ ಬೀಜ ಸುರಿದಿದ್ದರು. ಅವರ ಮನೆ ಮುಂದಿನ ಅವರೆ ಚಪ್ಪರ ರಸ್ತೆ ಅಗಲ ಮಾಡುವಾಗ ನೆಲಕ್ಕೆ ಬಿದ್ದಿತ್ತು.

“ನೋಡಪ್ಪಾ, ನಮ್ಮವ್ವ ಸೂಲಿಬೆಲೆಯಿಂದ ತಂದಿದ್ದ ತಳಿ. ಭೂಮಿ ಮೇಲೆ ಇಷ್ಟೇ ಉಳ್ದಿರೋದು. ನಾಕಾರು ಕಾಳು ಯಾರಾದ್ರೂ ಒಳ್ಳೆಯವ್ರ ಮನೆಗೆ ಹೋಗ್ಲಿ. ಮಿಕ್ಕಿದ್ದು ನಿಮ್ಮ ತಾರಸಿ ಮೇಲೆ ಹಬ್ಬಿಸ್ಬೇಕು. ಸಂಕ್ರಾಂತಿಗೆ ಬರ್ತೀನಿ. ನಿಮ್ಮ ಚಪ್ಪರದ ಕಾಯಲ್ಲೇ ಸಾರು ಮಾಡಿ ನಂಗೆ ಮುದ್ದೆ ಹಾಕ್ಬೇಕು.”

“ಅತ್ತೆ, ನೀವು ಆ ಚಪ್ಪರದ ಕೆಳಗೆ ಮಂಚ ಹಾಕ್ಕೊಂಡು ಮಲಗ್ತೀರ! ಅಂಥಾ ನೆರಳಿರುತ್ತೆ!”

“ಹೋದ ವರ್ಷಾನೂ ಹಿಂಗೇ ಅಂದಿದ್ದೆ” ಎಂದು ಅಕ್ಕಯಮ್ಮ ವಾಪಸು ಬಸ್ಸು ಹತ್ತಿದ್ದರು.

ಹೋದ ವರ್ಷ ಅವರು ಕೈಯಾರೆ ಕೊಟ್ಟ ಬೀಜದ ಕುಂಡದಲ್ಲಿ ಭೀಮರಾಜ್ ಬೆಳೆದದ್ದು ಒಂದು ಭರ್ಜರಿ ಪಾರ್ಥೇನಿಯಂ ಗಿಡ. ಅದು ಅವರೆಯಲ್ಲವೆಂದು ಪವಿತ್ರ ಗುರುತಿಸುವ ಹೊತ್ತಿಗೆ ಅವನು ಅದಕ್ಕೆ ಕೋಲು ಊರಿ, ದಾರ ಕಟ್ಟಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಾಗಿತ್ತು.

“ಅರ್ಧ ಬೀಜ ಮನೇಲಿಟ್ಟು ಹೋಗಿ” ಎಂದಳು ಪವಿತ್ರ ದೋಸೆ ಬಡಿಸುತ್ತಾ.

“ಮನೆ ಬೀಗ ನಂಬೋಕಾಗಲ್ಲ ಕಣೇ. ಎಲ್ಲಾ ನನ್ನ ಕಣ್ಮುಂದೆ ಇರ್ಲಿ.”

“ಕಳ್ಕೊಂಡ್ರೆ ಅಮ್ಮಂಗೆ ನೀವೇ ಹೇಳ್ಬೇಕು. ನಾನು ಫೋನ್ ಮುಟ್ಟಲ್ಲ.”

“ನಾನಾ? ಕಳ್ಕೊಳ್ಳೋದಾ?” ಭೀಮರಾಜ್ ನಕ್ಕ. ಲಾರಿಗಟ್ಟಲೆ ಸರಕು ಕಾಯುವವನಿಗೆ ಒಂದು ಬೊಗಸೆ ಅವರೆ ಯಾವ ಲೆಕ್ಕ!

ಬಡಾವಣೆಯ ಸಮುದಾಯ ಭವನಕ್ಕೆ ಅವನು ಮಾಡಿದ್ದ ಬಂದೋಬಸ್ತು ನೋಡಿದ್ದರೆ ಖಜಾನೆಯವರೂ ನಾಚುತ್ತಿದ್ದರು. ಹಿಂಬಾಗಿಲಿಗೆ ಬೀಗ. ಮುಂದಿನ ಗ್ರಿಲ್ ಗೇಟಿನಲ್ಲಿ ಒಬ್ಬೊಬ್ಬರಿಗೇ ಪ್ರವೇಶ. ಚಪ್ಪಲಿ ಹೊರಗೆ, ಬ್ಯಾಗು ಹೊರಗೆ, ಜೊತೆಗೆ ಬಂದ ಪವಿತ್ರಳ ಛತ್ರಿಯೂ ಹೊರಗೆ. ಮಡಚಿದ ಛತ್ರಿಯೊಳಗೆ ಏನು ಬೇಕಾದರೂ ಸಾಗಿಸಬಹುದಲ್ಲ!

“ಅಣ್ಣಾ, ಇದೇನು ಬೀಜದ ಮೇಳಾನೋ ಏರ್‌ಪೋರ್ಟೋ?” ಎಂದಳು ಪಕ್ಕದ ಮನೆಯ ಅರ್ಪಿತ, ಬೆಂಡೆ ಬೀಜದ ಪೊಟ್ಟಣ ಹಿಡಿದು.

ಅವಳ ಹಿಂದೆ ಮುನಿರಾಮಯ್ಯ ನಿಂತಿದ್ದರು. ನಿವೃತ್ತ ಬಸ್ ಕಂಡಕ್ಟರ್. ಅವರ ಮನೆಯ ಬದನೆ ಗಿಡ ಇಡೀ ಬೀದಿಯ ಹೊಟ್ಟೆಕಿಚ್ಚಿಗೆ ಕಾರಣ. ಮೊಳದುದ್ದದ ಕಾಯಿ, ಒಂದರಲ್ಲಿ ಒಂದು ಸಂಸಾರದ ಪಲ್ಯ! ಭೀಮರಾಜ್ ಕೆಲಸಕ್ಕೆ ಹೋಗುವಾಗ ಆ ಗಿಡದ ಮುಂದೆ ಬೈಕಿನ ವೇಗ ತಾನಾಗಿ ಕಡಿಮೆಯಾಗುತ್ತಿತ್ತು.

“ಏನಪ್ಪಾ ಭೀಮರಾಜ್, ಸರ್ವೀಸೆಲ್ಲಾ ಟಿಕೆಟ್ ಕೇಳ್ಕೊಂಡು ಬಂದೋನು ನಾನು. ನಂಗೇ ಚೆಕಿಂಗಾ?”

“ರೂಲ್ಸು ಅಂದ್ರೆ ರೂಲ್ಸು ಮುನಿರಾಮಣ್ಣ.”

ತಟ್ಟೆಗಳು ಮೇಜಿನ ಮೇಲೆ ಸಾಲಾಗಿ ಕುಳಿತವು. ಜನ ತಟ್ಟೆಗಳ ಸುತ್ತ ನಿಂತರು. ನಿಂತೇ ಇದ್ದರು! ಯಾರೂ ಕೊಡಲಿಲ್ಲ, ಯಾರೂ ತೆಗೆದುಕೊಳ್ಳಲಿಲ್ಲ. ಮದುವೆ ಮಾತುಕತೆಗೆ ಬಂದ ಎರಡೂ ಕಡೆಯವರಂತೆ ಒಬ್ಬರನ್ನೊಬ್ಬರು ಅಳೆದರು.

“ನಾಟಿ ಬೆಂಡೆ ಅಂತೀಯ” ಎಂದು ಮುನಿರಾಮಯ್ಯ ಅರ್ಪಿತಳನ್ನು ವಿಚಾರಿಸಿದರು. “ಅಷ್ಟು ಚೆನ್ನಾಗಿದ್ರೆ ಬೇರೆಯವ್ರಿಗೆ ಯಾಕೆ ಕೊಡ್ತೀಯಮ್ಮ?”

“ಜಾಸ್ತಿ ಇದೆ, ಅದಕ್ಕೆ.”

“ಜಾಸ್ತಿ ಯಾಕೆ ಉಳೀತು?”

ಅರ್ಪಿತಳ ಮುಖ ಕೆಂಪಾಯಿತು. “ನಿಮ್ಮ ಬದನೆ ಬೀಜ ಹುರಿದು ತಂದಿಲ್ಲ ಅಂತ ಏನು ಗ್ಯಾರಂಟಿ?”

ಮೇಳ ಮಗುಚಿಕೊಳ್ಳುವುದರಲ್ಲಿತ್ತು. ಭೀಮರಾಜ್ ಅವರೆ ತಟ್ಟೆಯನ್ನೇ ಎತ್ತಿಕೊಂಡು ನಡುವೆ ಧುಮುಕಿದ. “ನಾನೇ ಶುರು ಮಾಡ್ತೀನಿ. ತಗೊಳ್ಳಿ ಮುನಿರಾಮಣ್ಣ, ನಮ್ಮತ್ತೆ ತಳಿ. ನಾಕು ಕಾಳು!”

ಮುನಿರಾಮಯ್ಯ ಹಾವು ಕಂಡವರಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ಬೇಡಪ್ಪಾ, ಕೊಟ್ಟಿದ್ದು ಹುಟ್ಟಲ್ಲ. ಕದ್ದಿದ್ದೇ ಹುಟ್ಟೋದು. ನಮ್ಮನೆ ಕರಿಬೇವು, ದೊಡ್ಡಪತ್ರೆ, ಈ ಬದ್ನೆ, ಯಾವ್ದೂ ಕೇಳಿ ತಂದಿದ್ದಲ್ಲ.”

“ನಮ್ಮಜ್ಜೀನೂ ಹಂಗೇ ಹೇಳೋರು!” ಎಂದಳು ಅರ್ಪಿತ. ಇಡೀ ಸಭೆ ಹೌದೌದೆಂದು ತಲೆದೂಗಿತು.

ಅದನ್ನು ಭೀಮರಾಜ್ ಹಿರಿಯರ ನಂಬಿಕೆ ಎಂದು ತಿಳಿಯಲಿಲ್ಲ. ದರೋಡೆಗೆ ಮುಂಚೆ ಕೊಟ್ಟ ನೋಟಿಸ್ ಎಂದೇ ತಿಳಿದ. ಅಲ್ಲಿಂದಾಚೆಗೆ ಅವನ ಕಣ್ಣಿಗೆ ರೆಪ್ಪೆಯೇ ಇಲ್ಲ. ಯಾರೋ ಆಕಳಿಸಿದರು: ಬಾಯಿಗೆ ಕೈ ಯಾಕೆ ಹೋಯಿತು? ಯಾರೋ ಸೆರಗು ಸರಿಮಾಡಿಕೊಂಡರು: ಸೆರಗಿಗೆ ಈಗಲೇ ಏನಾಯಿತು? ಮುನಿರಾಮಯ್ಯ ಕೆಮ್ಮಿದರು: ಇದು ಯಾರಿಗೆ ಸಿಗ್ನಲ್?

ಅನುಮಾನದ ಗಸ್ತಿನಲ್ಲಿ ಹೀಗೆ ಸುತ್ತು ಹೊಡೆಯುತ್ತಾ ಅವನು ಮುನಿರಾಮಯ್ಯನವರ ತಟ್ಟೆಯ ಮುಂದೆ ಬಂದ. ಬದನೆ ಬೀಜಗಳು ಹಳದಿಗೆ ಮಿನುಗುತ್ತಿದ್ದವು. ಯಜಮಾನರು ಆ ಕಡೆ ತಿರುಗಿದ್ದರು. ಕೈ ಅವನ ಅಪ್ಪಣೆ ಕೇಳಲಿಲ್ಲ. ತಾನಾಗಿ ಹೋಯಿತು, ಒಂದು ಚಿಟಿಕೆ ಹಿಡಿಯಿತು, ಅಂಗಿ ಜೇಬಿಗೆ ಇಳಿಸಿ ಏನೂ ಗೊತ್ತಿಲ್ಲದಂತೆ ವಾಪಸು ಬಂದು ಸೊಂಟದ ಮೇಲೆ ಕೂತಿತು. ಛೆ, ಕಳ್ಳತನವೇ? ಗೋಡೌನಿನಲ್ಲಿ ಇದಕ್ಕೆ ಸ್ಯಾಂಪಲ್ ಎನ್ನುತ್ತಾರೆ!

ಅಷ್ಟರಲ್ಲಿ ಗೇಟಿನಿಂದ ಕೂಗು ಬಂತು. ಹೋಟೆಲಿನಿಂದ ಕಾಫಿ ಬಂದಿತ್ತು. ‘ಸಾಮಾನು ಒಳಗೆ ಬಿಡುವುದಿಲ್ಲ’ ಎಂದು ಇವನೇ ಗೇಟಿಗೆ ಅಂಟಿಸಿದ್ದ ಚೀಟಿ ಓದಿ ಹೋಟೆಲಿನವನು ಕ್ಯಾನನ್ನು ಹೊರಗೇ ಇಟ್ಟು ನಿಂತಿದ್ದ. ಭೀಮರಾಜ್ ಹೋಗಿ ಮುಚ್ಚಳ ತೆಗೆದ. ಮೂಸಿದ. ಕಡಿಮೆಯಿದೆ ಎಂದ. ಪೂರ್ತಿಯಿದೆ ಎಂದು ಹೋಟೆಲಿನವನು ವಾದಿಸಿದ. ಕೊನೆಗೆ ಭೀಮರಾಜ್ ಕಡ್ಡಿ ಇಳಿಸಿ ಆಳ ನೋಡಿ, ಕ್ಯಾನು ಹೊತ್ತು ಒಳಗೆ ಬಂದ.

ಒಳಗೆ ಪಿನ್‌ಡ್ರಾಪ್ ಸೈಲೆನ್ಸು! ಎಲ್ಲರೂ ಕುರ್ಚಿಗಳಲ್ಲಿ ಕುಳಿತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಫ್ಯಾನ್ ನೋಡುತ್ತಿದ್ದರು. ಫ್ಯಾನ್ ತಿರುಗುತ್ತಿರಲಿಲ್ಲ.

ತಟ್ಟೆಗಳೆಲ್ಲ ಖಾಲಿ. ಬೆಂಡೆ ಇಲ್ಲ, ಬದನೆ ಇಲ್ಲ, ಹೀರೆ ಇಲ್ಲ. ಅವರೆ ತಟ್ಟೆಯಲ್ಲಿ ಬೂದಿ ಮಾತ್ರ ಉಳಿದಿತ್ತು, ಅದರ ತುಂಬ ಬೆರಳ ಗುರುತು.

ಭೂಮಿಯ ಮೇಲೆ ಅಷ್ಟೇ ಉಳಿದಿದ್ದ ತಳಿ! ಭೀಮರಾಜ್ ಓಡಿಹೋಗಿ ಗೇಟಿಗೆ ಬೀಗ ಜಡಿದ. “ಯಾರೂ ಹೊರಗೆ ಹೋಗಂಗಿಲ್ಲ! ಎಲ್ಲಾರೂ ಕೈ ತೋರಿಸಿ!”

ತಕ್ಷಣ ಸಭೆಯಲ್ಲಿದ್ದ ಎಲ್ಲ ಕೈಗಳೂ ಏಕಕಾಲಕ್ಕೆ ಪ್ಯಾಂಟು, ಪಂಚೆ, ಸೀರೆಗಳಿಗೆ ಒರೆಸಿಕೊಂಡವು.

“ಹಂಗಾದ್ರೆ ಜೇಬು ತೋರಿಸಿ!”

ಮುನಿರಾಮಯ್ಯ ನಿಧಾನವಾಗಿ ಎದ್ದರು. “ಚೆಕಿಂಗ್ ಅಂದ್ರೆ ಅದಕ್ಕೊಂದು ಪದ್ಧತಿ ಇದೆ ಕಣಪ್ಪ. ಮೊದ್ಲು ಕಂಡಕ್ಟರ್ ಜೇಬು. ಆಮೇಲೆ ಪ್ಯಾಸೆಂಜರು. ಈ ಬಸ್ಸಿಗೆ ಕಂಡಕ್ಟರು ನೀನು.”

“ಹೌದು! ಮೊದ್ಲು ಅಣ್ಣಂದು!” ಎಂದಳು ಅರ್ಪಿತ.

ಭೀಮರಾಜನ ಕೈ ಸಟ್ಟನೆ ಜೇಬಿನ ಮೇಲೆ ಹೋಯಿತು. “ಅದೆಲ್ಲಾ ಯಾಕೆ… ನಾನು ಆರ್ಗನೈಸರು…”

“ತೋರ್ಸಿ ರೀ” ಎಂದಳು ಪವಿತ್ರ, ಪತಿಯ ಮೇಲೆ ಅಪಾರ ನಂಬಿಕೆಯಿಟ್ಟು. “ನಿಮ್ಮತ್ರ ಏನಿರುತ್ತೆ?”

ಮುನಿರಾಮಯ್ಯ ಅವನ ಜೇಬಿಗೆ ಎರಡು ಬೆರಳು ಇಳಿಸಿದರು. ಟಿಕೆಟ್ ಹರಿದು ಪಳಗಿದ ಬೆರಳುಗಳು. ಚಿಟಿಕೆಯಷ್ಟು ಹಳದಿ ಬೀಜ ಹೊರಗೆ ಬಂತು.

“ಇದು ನಮ್ಮ ಬದ್ನೆ!”

ಸಮುದಾಯ ಭವನದ ಶೀಟುಗಳು ಹಾರಿಹೋಗುವಂತೆ ಜನ ನಕ್ಕರು. “ಅದು… ಸ್ಯಾಂಪಲ್ಲು…” ಎಂದು ಭೀಮರಾಜ್ ತೊದಲಿದ. ಪವಿತ್ರ ತಿರುಗದ ಫ್ಯಾನನ್ನೇ ಮತ್ತೆ ನೋಡತೊಡಗಿದಳು.

ಮುನಿರಾಮಯ್ಯ ದೊಡ್ಡ ಮನುಷ್ಯ. ಬೀಜವನ್ನು ಕಾಗದದಲ್ಲಿ ಮಡಚಿ, ಎರಡೂ ಕೈಯಲ್ಲಿ ಹಿಡಿದು, ಎಲ್ಲರೂ ನೋಡುವಂತೆ ಅವನಿಗೆ ಕೊಟ್ಟರು. “ತಗೋಪ್ಪಾ, ನೀನೂ ಬೆಳ್ಕೋ. ತುಂಬು ಮನಸ್ಸಿಂದ ಕೊಟ್ಟಿದ್ದೀನಿ.” ಜನ ಚಪ್ಪಾಳೆ ತಟ್ಟಿದರು. ಆ ಮಹಾಮೇಳದಲ್ಲಿ ಕೈಯಿಂದ ಕೈಗೆ ಹೋದ ಬೀಜ ಅದೊಂದೇ!

ಇನ್ನು ಬೇರೆಯವರ ಜೇಬು ಮುಟ್ಟುವ ಮುಖ ಎಲ್ಲಿದೆ? ಗೇಟು ತೆರೆಯಿತು. ಒಬ್ಬೊಬ್ಬರೂ ಜೇಬು ಒತ್ತಿ ಹಿಡಿದು, ಸೆರಗಿನ ಗಂಟು ಬಿಗಿ ಮಾಡಿಕೊಂಡು, ಮೊಟ್ಟೆ ಹೊತ್ತವರಂತೆ ಜೋಪಾನವಾಗಿ ಹೊರಗೆ ನಡೆದರು.

“ಮೇಳ ಅಂದ್ರೆ ಹಿಂಗಿರ್ಬೇಕು ಗುರೂ! ವರ್ಷಾವರ್ಷಾ ಮಾಡು!” ಎಂದು ಬೆನ್ನು ತಟ್ಟಿ ಹೋದರು.

ಮನೆಗೆ ಬಂದಾಗ ಭೀಮರಾಜನ ಕೈಯಲ್ಲಿದ್ದದ್ದು ಬೂದಿ ತಟ್ಟೆ ಮತ್ತು ಫೋನು. ಪವಿತ್ರ ಮಾತಿಗೆ ತಪ್ಪದವಳು. ಪಾತ್ರೆ ತೊಳೆಯಲು ಹೊರಟುಹೋದಳು. ಅವನು ಗಂಟಲು ಸರಿಮಾಡಿಕೊಂಡು ಆವತಿಗೆ ಫೋನ್ ಹಚ್ಚಿದ.

“ಅತ್ತೆ… ಅವರೆ ಎಲ್ಲಾ ಹೋಯ್ತು.”

“ಹೋಯ್ತು ಅಂದ್ರೆ? ಕೊಟ್ಬಿಟ್ಯಾ?” ಎಂದು ಅಕ್ಕಯಮ್ಮ ಕೂಗಿದರು.

“ಇಲ್ಲ ಅತ್ತೆ. ಕದ್ಬಿಟ್ರು.”

ಲೈನು ಕಟ್ ಆಯಿತೇನೋ ಎಂದು ಅವನು ಫೋನ್ ತಿರುಗಿಸಿ ನೋಡಿದ.

“ಎಲ್ಲಾನೂ ಕದ್ರಾ? ಒಬ್ರೂ ಕೇಳಿ ಇಸ್ಕೊಳ್ಳಿಲ್ವಾ?”

“ಒಬ್ರೂ ಇಲ್ಲ. ಕೊಡ್ತೀನಿ ಅಂದ್ರೂ ಬೇಡ ಅಂದ್ರು.”

“ಅಯ್ಯೋ ನನ್ನಪ್ಪಾ, ನಿನ್ನ ಹೊಟ್ಟೆ ತಣ್ಣಗಿರ್ಲಿ! ಹಂಗಾದ್ರೆ ಬೀದಿ ತುಂಬಾ ಹಬ್ಬುತ್ತೆ ಬಿಡು! ನಮ್ಮವ್ವನ ತಳಿ ಉಳ್ಕೊಂತು…” ಅಕ್ಕಯಮ್ಮ ಮೂಗೆಳೆದುಕೊಂಡರು. “ಹೋದ ವರ್ಷ ನಿನ್ನ ಕೈಗೆ ಕೊಟ್ಟಿದ್ದು ನಂದೇ ತಪ್ಪು. ಎದುರಿಗಿಟ್ಟು ನೀರು ತರೋಕೆ ಹೋಗ್ಬೇಕಿತ್ತು.”

“ನಂಗೆ ಬದ್ನೆ ಬೀಜ ಸಿಕ್ತು ಅತ್ತೆ. ಮುನಿರಾಮಣ್ಣ ತುಂಬು ಮನಸ್ಸಿಂದ ಕೊಟ್ರು.”

“ಅದರ ಆಸೆ ಬಿಡು” ಎಂದರು ಅಕ್ಕಯಮ್ಮ. “ಚಪ್ಪರ ಮಾತ್ರ ಏಳ್ಬೇಕು. ಸಂಕ್ರಾಂತಿಗೆ ಬಂದೇ ಬರ್ತೀನಿ.”

ಬೀಜವಿಲ್ಲದೆ ಚಪ್ಪರ! ಭೀಮರಾಜ್ ತಾರಸಿ ಹತ್ತಿ ಖಾಲಿ ಕುಂಡದ ಮುಂದೆ ತಲೆ ಮೇಲೆ ಕೈ ಹೊತ್ತು ಕುಳಿತ. ಪವಿತ್ರ ಮೇಲೆ ಬಂದಳು. ಕರವಸ್ತ್ರ ಬಿಚ್ಚಿದಳು. ಬೂದಿ ಮೆತ್ತಿದ ಅವರೆ ಬೀಜಗಳು!

“ಎಲ್ಲಿತ್ತೇ ಇದು?”

“ನೀವು ಕಾಫಿಗೆ ಕಡ್ಡಿ ಇಳಿಸಿ ಆಳ ನೋಡ್ತಿದ್ರಲ್ಲ, ಆವಾಗ. ಮೊದ್ಲು ಕೈ ಹಾಕಿದ್ದೇ ನಾನು. ನನ್ನ ನೋಡಿ ಎಲ್ರಿಗೂ ಧೈರ್ಯ ಬಂತು.”

“ನಮ್ಮ ಬೀಜ ನಾವೇ ಕದಿಯೋದೇನೇ?”

“ಅಮ್ಮ ಕೊಟ್ಟಿದ್ದು ನಿಮಗೆ. ನಾನು ಕದ್ದಿದ್ದು ನಿಮ್ಮತ್ರ” ಎಂದು ಅವಳು ತನ್ನ ಕುಂಡದಲ್ಲಿ ಬೆರಳಿನಿಂದ ಕುಳಿ ತೆಗೆದು ಬೀಜ ಊರಿ ಮಣ್ಣು ಮುಚ್ಚಿದಳು.

ಡಿಸ್ಪ್ಯಾಚ್ ಸೂಪರ್‌ವೈಸರನ ದನಿ ಮೆತ್ತಗಾಯಿತು. “ನಂಗೂ ನಾಕು ಕಾಳು ಕೊಡೇ. ಅತ್ತೆಗೆ ಮಾತು ಕೊಟ್ಟಿದ್ದೀನಿ.”

ಪವಿತ್ರ ಕೊಡಲು ಚಾಚಿದ ಕೈಯನ್ನು ಸರಕ್ಕನೆ ಹಿಂದೆಳೆದುಕೊಂಡಳು. ಕರವಸ್ತ್ರವನ್ನು ತಾರಸಿಯ ಗೋಡೆ ಮೇಲೆ ಹರಡಿಟ್ಟು, ಅವನಿಗೆ ಬೆನ್ನು ಮಾಡಿ ಬೀದಿ ನೋಡುತ್ತಾ ನಿಂತಳು.

“ಈ ಸಲನಾದ್ರೂ ಸಿಕ್ಕಿಬೀಳ್ಬೇಡಿ.”

ಭೀಮರಾಜ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಅಭ್ಯಾಸಬಲದಿಂದ ಆಕಾಶವನ್ನೂ ಒಮ್ಮೆ ಅನುಮಾನಿಸಿದ. ತುದಿಗಾಲಲ್ಲಿ ಹೆಜ್ಜೆಯಿಟ್ಟ. ನೀರಿನ ಬಕೆಟ್ಟಿಗೆ ಕಾಲು ತಾಗಿ ಅದು ಧಡಧಡನೆ ಉರುಳಿ, ಮೆಟ್ಟಿಲಿಳಿದು, ಕೆಳಗಿನ ಬಾಗಿಲಿಗೆ ಬಡಿದು ನಿಂತಿತು.

ಪವಿತ್ರ ತಿರುಗಲಿಲ್ಲ. “ನಂಗೇನೂ ಕೇಳಿಸ್ಲಿಲ್ಲ ರೀ” ಎಂದಳು. “ಬೇಗ ಕದೀರಿ.”