ನಾಲ್ಕನೇ ಚೀಟಿ

ಆ ಗುರುವಾರ ಬೆಳಗ್ಗೆ ಬ್ಯಾಡಗಿಯ ಮಾರ್ಕೆಟ್ ಯಾರ್ಡಿನಲ್ಲಿ ಗಾಳಿಯೊಂದು ಬೀಸದೇ ಇದ್ದಿದ್ದರೆ ತೂಕದ ಹುಲಿಗೇಶನ ಬಾಳು ಎಂದಿನಂತೆ ಸಾಗುತ್ತಿತ್ತು. ಎಂದಿನಂತೆ ಅಂದರೆ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಸೋಮವಾರ ಮತ್ತು ಗುರುವಾರ ಅವನು ಮೈಲಪ್ಪ ಸಾವಕಾರರ ದಲಾಲಿ ಅಂಗಡಿಯ ಮುಂದೆ ಮೆಣಸಿನಕಾಯಿ ಚೀಲ ತೂಗುತ್ತಿದ್ದ. ತೂಕದ ಕಾಟಾದ ಆಚೆ ಕುರ್ಚಿ ಹಾಕಿಕೊಂಡು ಜ್ಯೋತಿಲಕ್ಷ್ಮಿ ಬರೆದುಕೊಳ್ಳುತ್ತಿದ್ದಳು.

“ಮೂವತ್ತೆಂಟು, ಇನ್ನೂರು,” ಅಂತ ಇವನು ಕಿಲೋ, ಗ್ರಾಂ ಕೂಗಬೇಕು.

“ಮೂವತ್ತೆಂಟು, ಇನ್ನೂರು,” ಅಂತ ಅವಳು ಅನ್ನಬೇಕು.

ನಾಲ್ಕು ವರ್ಷದಿಂದ ಇಬ್ಬರ ನಡುವೆ ನಡೆದ ಮಾತೆಲ್ಲ ಇಷ್ಟೇ. ಯಾರ್ಡಿನಲ್ಲಿ ಹಮಾಲರಿಂದ ಹಿಡಿದು ಖರೀದಿದಾರರ ತನಕ ಎಲ್ಲರೂ ಅವಳನ್ನು ‘ಅಕ್ಕಾರ’ ಅನ್ನುತ್ತಿದ್ದರು. ಹುಲಿಗೇಶನೊಬ್ಬನಿಗೇ ಆ ಮಾತು ನಾಲಿಗೆಗೆ ಬರುತ್ತಿರಲಿಲ್ಲ. ಹೆಸರು ಹಿಡಿದು ಕರೆಯುವ ಧೈರ್ಯವೂ ಇಲ್ಲ. ಹಾಗಾಗಿ ಅವಳನ್ನು ಕರೆಯುವುದನ್ನೇ ಬಿಟ್ಟಿದ್ದ. ಸಂಜೆ ಅವಳು ಮೋಟೆಬೆನ್ನೂರಿನ ಬಸ್ ಹತ್ತಿದ ಮೇಲೆ, ಬಸ್ಸು ಕಾಣದಾಗುವ ತನಕ ನಿಂತು ನೋಡುತ್ತಿದ್ದ. ವಯಸ್ಸು ಮೂವತ್ತೇಳಾದರೂ ಈ ಚಟ ಬಿಟ್ಟಿರಲಿಲ್ಲ.

ಈಗ ಗಾಳಿಯ ವಿಷಯಕ್ಕೆ ಬರೋಣ. ಹರಾಜಿಗಿಟ್ಟ ಚೀಲಗಳ ಪ್ರತಿ ಲಾಟಿನ ಮೇಲೆ ನಂಬರಿನ ಚೀಟಿ ಸಿಕ್ಕಿಸಿರುತ್ತಾರಷ್ಟೆ? ನೂರಾ ಹದಿನಾಲ್ಕನೇ ಲಾಟಿನ ಚೀಟಿ ಗಾಳಿಗೆ ಮಗುಚಿ ಬಿತ್ತು. ಹುಲಿಗೇಶ ಸರಿಪಡಿಸಲೆಂದು ಬಗ್ಗಿದ. ಹಿಂಬದಿಯಲ್ಲಿ ತನ್ನದೇ ಹೆಸರು!

‘ಹುಲಿಗೇಶ, ವಯಸ್ಸು 37, ತೂಕದ ಕೆಲಸ. ರೋಗಿ ಹೇಳಿದ್ದು: ಎದಿ ಡಬಡಬ ಹೊಡ್ಕೋತೈತಿ...’

ಮೂರು ತಿಂಗಳ ಹಿಂದೆ ಅವನು ರಾಣೇಬೆನ್ನೂರಿನ ನರ್ಸಿಂಗ್ ಹೋಮಿಗೆ ಹೋಗಿದ್ದ. ಅಲ್ಲಿಯ ಡಾಕ್ಟರಿಗೆ ಒಂದು ಹುಚ್ಚು. ರೋಗಿ ಏನು ಹೇಳುತ್ತಾನೋ ಅದನ್ನು ಅವನ ಮಾತಿನಲ್ಲೇ ನರ್ಸಿನ ಕೈಯಲ್ಲಿ ಬರೆಸುತ್ತಿದ್ದರು. ಇಸಿಜಿ ಚಲೋ ಇತ್ತು. “ಮತ್ಯಾಕ ಹೊಡ್ಕೋತೈತಿ? ಯಾವಾಗ ಹೊಡ್ಕೋತೈತಿ?” ಅಂತ ಡಾಕ್ಟರು ಮೆತ್ತಗೆ ಕೇಳಿದ್ದರು. ನಾಲ್ಕು ವರ್ಷ ಯಾರಿಗೂ ಹೇಳದವನು ಅವತ್ತು ಎಲ್ಲವನ್ನೂ ಹೇಳಿಬಿಟ್ಟಿದ್ದ. ನರ್ಸಮ್ಮ ಅಕ್ಷರ ಬಿಡದೆ ಬರೆದುಕೊಂಡಿದ್ದಳು.

ಆಮೇಲೆ ಆಸ್ಪತ್ರೆಗೆ ಕಂಪ್ಯೂಟರ್ ಬಂತು, ಹಳೇ ಕಾಗದವೆಲ್ಲ ರದ್ದಿಗೆ ಹೋಯಿತು. ಒಂದು ಬದಿ ಖಾಲಿಯಿದ್ದ ಕಾಗದ ಕಂಡರೆ ಮೈಲಪ್ಪ ಸಾವಕಾರರ ಜೀವ ತಡೆಯುವುದಿಲ್ಲ. ಒಂದು ಕಟ್ಟು ತಂದು, ಮನೆಯಲ್ಲಿ ಕೂತು ಒಂದೊಂದನ್ನು ನಾಲ್ಕು ತುಂಡು ಮಾಡಿ, ಲಾಟಿನ ಚೀಟಿಗೆ ಕಳಿಸಿದ್ದರು.

ಹುಲಿಗೇಶ ಲಾಟಿನಿಂದ ಲಾಟಿಗೆ ಓಡಿ ಚೀಟಿ ಮಗುಚಿ ನೋಡತೊಡಗಿದ. ಎರಡನೆಯದು ಸಿಕ್ಕಿತು: ‘ಸೋಮವಾರ, ಗುರುವಾರ ಜಾಸ್ತಿ. ಉಳಿದ ದಿನ ಹೊಡ್ಕೊಳ್ಳಂಗಿಲ್ಲ, ಬರೇ ನೋಯ್ತೈತಿ.’ ಮೂರನೆಯದೂ ಸಿಕ್ಕಿತು: ‘ಊಟ ಸೇರಂಗಿಲ್ಲ. ಮದಿವಿ ಆಗಿಲ್ಲ.’ ಆದರೆ ಜ್ಯೋತಿಲಕ್ಷ್ಮಿಯ ಹೆಸರಿದ್ದ ನಾಲ್ಕನೆಯದು ಎಲ್ಲಿಯೂ ಇರಲಿಲ್ಲ.

“ಏನ್ ಹುಡುಕಾಕತ್ತೀಪಾ ತಮ್ಮಾ?” ಬೆನ್ನ ಹಿಂದೆ ಹಮಾಲರ ಮುಖಂಡ ರಹಿಮಾನಸಾಬ ನಿಂತಿದ್ದ. ಪರರ ಕಷ್ಟ ಕಂಡರೆ ತಾಳಲಾರದ ಮನುಷ್ಯ. ಊರಿಗೆಲ್ಲ ಅದನ್ನು ಹಂಚದೆಯೂ ಇರಲಾರ.

“ಏನಿಲ್ರಿ ಚಾಚಾ. ನಂದೊಂದು ದವಾಖಾನಿ ಕಾಗದ.”

“ಯಾ ಅಲ್ಲಾ! ಅಂಥಾದ್ದೇನ್ ಬಂದೈತೋ ನಿನಗ?”

“ಏನೂ ಬಂದಿಲ್ರಿ!”

“ಏನೂ ಬರಲಾರದಕ್ಕ ಮಾರಿ ಹಿಂಗ ಬೆಳ್ಳಗ ಆಗಿರತೈತೇನು?”

ಅರ್ಧ ಗಂಟೆಯಲ್ಲಿ ಯಾರ್ಡಿಗೆಲ್ಲ ಸುದ್ದಿ ಹಬ್ಬಿತು. ಚಹಾದ ಅಂಗಡಿಯವನು ಇವನಿಗೊಂದು ಬೇರೆ ಕಪ್ಪು ತೆಗೆದಿಟ್ಟ. ಖರೀದಿದಾರರೊಬ್ಬರು ಹೆಗಲು ಮುಟ್ಟಲು ಬಂದು, ಯೋಚಿಸಿ, ದೂರದಿಂದಲೇ ಕೈಯೆತ್ತಿದರು. ಹಮಾಲರು ಅವನಿಗೆ ನೆರಳಿನಲ್ಲಿ ಜಾಗ ಬಿಟ್ಟುಕೊಟ್ಟರು. ಹುಲಿಗೇಶನಿಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. ಅವಳು ಆ ಚೀಟಿ ಓದಿದರೆ ಸೋಮವಾರದಿಂದ ಕುರ್ಚಿಯನ್ನು ಒಳಗೆ ಹಾಕಿಕೊಳ್ಳುತ್ತಾಳೆ, ಬರೆದುಕೊಳ್ಳಲು ಬೇರೆಯವರು ಬರುತ್ತಾರೆ. ಆ ಮೂವತ್ತೆಂಟು ಇನ್ನೂರೂ ತನಗೆ ಇಲ್ಲವಾಗುತ್ತದೆ.

“ಇದಕ್ಕ ಕಾಯ್ದೆ ಐತಿ ನಡೀ,” ಅಂತ ರಹಿಮಾನಸಾಬ ರಟ್ಟೆ ಹಿಡಿದ. “ರಾಣೇಬೆನ್ನೂರಾಗ ಅಂಜಿನಪ್ಪ ವಕೀಲರು ಅದಾರ. ದವಾಖಾನಿಯವ್ರು ಕಾಗದಾ ಬೀದಿಗೆ ಒಗದ್ರ ಸುಮ್ನ ಬಿಡೂದೇನು?”

“ಮಧ್ಯಾಹ್ನ ತೂಕ ಐತ್ರಿ ಚಾಚಾ.”

“ತೂಕಾ ನಮ್ಮ ಹಮಾಲ ಗುಡದಪ್ಪ ಮಾಡ್ತಾನ. ಮೊದಲ ಜೀವಾ ನೋಡ್ಕೋ!”

ವಕೀಲ ಅಂಜಿನಪ್ಪನವರು ಮೂರೂ ಚೀಟಿಗಳನ್ನು ಮೇಜಿನ ಮೇಲೆ ಜೋಡಿಸಿ, ಕನ್ನಡಕ ಏರಿಸಿ ಓದಿದರು. ರಹಿಮಾನಸಾಬನನ್ನು ಹೊರಗೆ ಕೂರಿಸಿ, ಹುಲಿಗೇಶನ ಬಾಯಿಂದ ನಾಲ್ಕನೆಯದರ ಸಂಗತಿಯನ್ನೂ ಹೊರಡಿಸಿದರು. ಆಮೇಲೆ ಬೆರಳು ಮಡಚತೊಡಗಿದರು.

“ನೋಡ್ರಿ, ದಾರಿ ಬೇಕಾದಷ್ಟು ಅದಾವ. ರೋಗಿ ಗುಟ್ಟು ಕಾಯಲಿಲ್ಲಂತ ಬೆಂಗಳೂರಿನ ಮೆಡಿಕಲ್ ಕೌನ್ಸಿಲ್ಲಿಗೆ ದೂರು ಕೊಡಬಹುದು. ಇಲ್ಲಾ, ಹಾವೇರಿ ಗ್ರಾಹಕರ ವೇದಿಕೆಗೆ ಹೋಗಬಹುದು. ಫೀ ಕೊಟ್ಟೀರಿಲ್ಲೋ? ರಶೀದಿ ಐತಿಲ್ಲೋ? ಅಂದ್ರ ನೀವು ಗ್ರಾಹಕರಾದ್ರಿ, ಪರಿಹಾರ ಕೇಳಬಹುದು. ಇಲ್ಲಾ, ಆ ಕಾಗದಾ ಯಾರೂ ಬಳಸಬಾರದಂತ ಸಿವಿಲ್ ಕೋರ್ಟಿನಾಗ ತಡೆಯಾಜ್ಞೆ ತರಬಹುದು.”

“ನನಗ ಪರಿಹಾರ ಬ್ಯಾಡ್ರಿ. ಅಕೀಗೆ ಗೊತ್ತಾಗಬಾರದು, ಅಷ್ಟ.”

“ಆತು. ಆದ್ರ ಯಾವ ಗುಟ್ಟು ಹೊರಗ ಬಿತ್ತು ಅಂತ ದೂರಿನ್ಯಾಗ ಬರೀಬೇಕಾಕ್ಕೈತಿ.”

“ಬರದ್ರ ಎಲ್ಲಾರಿಗೂ ಗೊತ್ತಾಕ್ಕೈತಲ್ರಿ!”

“ಗೊತ್ತಾಗಲಾರದಂಗ ಕೇಸ್ ಹಾಕೂದು ನನಗಂತೂ ಯಾರೂ ಕಲಿಸಿಲ್ರಿ,” ಅಂದರು ವಕೀಲರು.

ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಮೊದಲು ಬರೀ ನೋಟೀಸು. ಒಂದು ಆಸ್ಪತ್ರೆಗೆ, ಒಂದು ಮೈಲಪ್ಪ ಸಾವಕಾರರಿಗೆ. ಇದ್ದ ಕಾಗದವೆಲ್ಲ ವಾಪಸು ಕೊಡಬೇಕು ಅಂತ. ವಕೀಲರು ಹೇಳುತ್ತ ಹೋದರು, ಟೈಪು ಕಟಕಟ ಅನ್ನುತ್ತ ಹೋಯಿತು. ಒಂದು ಸಾಲಿಗೆ ಹುಲಿಗೇಶ ಕುರ್ಚಿಯಿಂದೆದ್ದ.

“ಅದು ಖರೇ ಅಲ್ರಿ ಸರ್! ಭಾವನಾ ಇಲ್ಲಂತ ಹೆಂಗ ಬರಸ್ತೀರಿ?”

“ಭಾವನಾ ಐತಿ ಅಂದ್ರ ನಿಮಗ ಹಾನಿ ಏನಾತು? ಹಾನಿ ಇಲ್ಲಂದ್ರ ನೋಟೀಸ್ ಯಾತಕ್ಕ? ಸಹಿ ಮಾಡ್ರಿ. ಇದನ್ನ ಸಾವಕಾರ್ರು ಒಬ್ರ ಓದ್ತಾರ.”

ಹುಲಿಗೇಶ ಕಣ್ಣು ಮುಚ್ಚಿ ಸಹಿ ಮಾಡಿದ. ರಜಿಸ್ಟರ್ಡ್ ಪೋಸ್ಟ್ ಮುಟ್ಟಲು ಎರಡು ದಿನ ಬೇಕು, ಅಷ್ಟರಲ್ಲಿ ಚೀಟಿ ಯಾರ ಕೈಗೆ ಸಿಗುತ್ತದೋ! ಸಾವಕಾರರ ಪ್ರತಿಯನ್ನು ಕೈಯಲ್ಲೇ ಕೊಟ್ಟು ಸಹಿ ತರುತ್ತೇನೆಂದು ಇಸಿದುಕೊಂಡು ಬಸ್ ಹತ್ತಿದ.

ಬ್ಯಾಡಗಿಗೆ ಬಂದಾಗ ಐದೂವರೆ. ಜ್ಯೋತಿಲಕ್ಷ್ಮಿ ಐದರ ಬಸ್ಸಿಗೆ ಹೋಗುವವಳು. ಅದೊಂದೇ ನೆಮ್ಮದಿಯಿಂದ ಅಂಗಡಿಯ ಮೆಟ್ಟಿಲು ಹತ್ತಿ, ಲಕೋಟೆ ಕೊಟ್ಟ. ಸಾವಕಾರರು ಬಿಚ್ಚಿದರು, ಕೈಯನ್ನು ದೂರ ಚಾಚಿ ನೋಡಿದರು, ಹತ್ತಿರ ತಂದು ನೋಡಿದರು.

“ಚಾಳೀಸು ಮನ್ಯಾಗ ಬಿಟ್ಟು ಬಂದೇನಪಾ. ಜ್ಯೋತಿ, ಇದನ್ನಿಷ್ಟು ಓದವಾ!”

ಒಳಗಿನಿಂದ ಜ್ಯೋತಿಲಕ್ಷ್ಮಿ ಬಂದಳು. ಕೈಯಲ್ಲಿ ಪರ್ಸಿತ್ತು. ಯಾರಿಗೋ ಕಾಯುತ್ತಿದ್ದವಳ ಹಾಗಿದ್ದಳು. ಹುಲಿಗೇಶನನ್ನು ಕಂಡು ಅವಳ ಮುಖ ಅರಳಿತು. ನಾಲ್ಕು ವರ್ಷದಲ್ಲಿ ಆ ಮುಖ ಹಾಗೆ ಅರಳಿದ್ದನ್ನು ಅವನು ನೋಡಿರಲಿಲ್ಲ. ಎದೆ ಡಬಡಬ ಶುರುವಾಯಿತು.

“ಬ್ಯಾಡ್ರಿ ಸಾವಕಾರ್ರ, ನಾಳೆ ನೀವ ಓದ್ರಿ,” ಅಂತ ಕೈ ಚಾಚಿದ.

“ವಕೀಲರ ಕಾಗದ ನಾಳೆ ಓದೂದೇನು? ಓದವಾ ನೀ.”

ಅವಳು ತೂಕ ಹೇಳುವ ದನಿಯಲ್ಲೇ ಓದತೊಡಗಿದಳು. “‘...ಸದರಿ ಜ್ಯೋತಿಲಕ್ಷ್ಮಿ ಎಂಬ ಮಹಿಳೆಯ ಹೆಸರಿನೊಂದಿಗೆ ನಮ್ಮ ಕಕ್ಷಿದಾರರ ಹೆಸರು ಸೇರಿಕೊಂಡಿದ್ದರಿಂದ ಅವರ ಮಾನಕ್ಕೆ ಅಪಾರ ಹಾನಿಯಾಗಿರುತ್ತದೆ. ಸದರಿ ಮಹಿಳೆಯ ಬಗ್ಗೆ ನಮ್ಮ ಕಕ್ಷಿದಾರರಿಗೆ ಯಾವುದೇ ತರಹದ ಭಾವನೆ ಇರುವುದಿಲ್ಲ, ಹಿಂದೆಯೂ ಇರಲಿಲ್ಲ, ಮುಂದೆಯೂ ಇರತಕ್ಕದ್ದಲ್ಲ...’”

ದನಿ ಅಲ್ಲಿಗೆ ನಿಂತಿತು. ಸಾವಕಾರರು ಒಮ್ಮೆ ಅವಳನ್ನು, ಒಮ್ಮೆ ಇವನನ್ನು ನೋಡಿ, ಯಾವುದೋ ಲೆಕ್ಕದ ನೆಪ ಹೇಳಿ ಒಳಗೆ ಹೋದರು.

ಅವಳು ಪರ್ಸು ತೆಗೆದಳು. ಬಸ್ ಪಾಸಿನ ಒಳಗೆ ಜೋಪಾನವಾಗಿ ಇಟ್ಟಿದ್ದ ಚೀಟಿಯೊಂದನ್ನು ತೆಗೆದು, ಕಾಟಾದ ಮೇಲಿಟ್ಟಳು. ಅಲ್ಲೇ ಇದ್ದ ಪೆನ್ಸಿಲಿನಿಂದ ಅದರ ಮೇಲೆ ಒಂದು ಗೀಟು ಎಳೆದಳು.

“ಬೆಳಿಗ್ಗಿ ಲಾಟಿಗೆ ಚೀಟಿ ಸಿಗಸೂಮುಂದ ಸಿಕ್ತು. ಮಧ್ಯಾಹ್ನ ತೂಕಕ್ಕ ಬರ್ತೀರಿ, ಕೊಡಬೇಕು ಅಂತ ಕಾದೆ. ಗುಡದಪ್ಪ ಬಂದ. ಅದಕ್ಕ ಐದರ ಬಸ್ಸೂ ಬಿಟ್ಟೆ.” ಚೀಟಿಯನ್ನು ಅವನತ್ತ ಸರಿಸಿದಳು. “ತಗೊಳ್ರಿ. ಕಾಗದಾ ಮುಟ್ಟಿತು ಅಂತ ಸಹಿ ಮಾಡ್ರಿ.”

ಹುಲಿಗೇಶ ಚೀಟಿ ಎತ್ತಿಕೊಂಡ. ಒಂದು ಬದಿಯಲ್ಲಿ ನರ್ಸಮ್ಮನ ಅಕ್ಷರ: ‘ಕಾರಣ ಕೇಳಲಾಗಿ: ಅಂಗಡಿಯ ಜ್ಯೋತಿಲಕ್ಷ್ಮಿ. ಅಕಿ ಒಮ್ಮೆ ನಕ್ರ ಸಾಕು ಅಂತಾನ.’ ಇನ್ನೊಂದು ಬದಿಯಲ್ಲಿ, ಲಾಟಿನ ನಂಬರು ಇರಬೇಕಾದಲ್ಲಿ ಗುಂಡಗಿನ ಅಕ್ಷರ, ಅದರ ಮೇಲೆ ಈಗಷ್ಟೇ ಎಳೆದ ಗೀಟು: ‘ಐತವಾರ ಮನಿಗೆ ಬಂದು ಅವ್ವನ ಕೂಡ ಮಾತಾಡ್ರಿ.’

“ಜ್ಯೋತಿಲಕ್ಷ್ಮಿಯವರ...” ಅಂದ. ನಾಲ್ಕು ವರ್ಷಕ್ಕೆ ಮೊದಲ ಸಲ ಆ ಹೆಸರು ಬಾಯಿಗೆ ಬಂದಿತ್ತು.

“ಏನರ ಹೇಳೂದಿದ್ರ ವಕೀಲರ ಕಡೆಯಿಂದ ಹೇಳಿ ಕಳಸ್ರಿ,” ಅಂದು ಅವಳು ಮೆಟ್ಟಿಲಿಳಿದು ಹೋದಳು. ಆರರ ಬಸ್ಸು ಹಾಳಾದದ್ದು ಅವತ್ತೇ ಸರಿಯಾದ ಹೊತ್ತಿಗೆ ಬಂದಿತ್ತು. ಹುಲಿಗೇಶ ಅದು ಕಾಣದಾಗುವ ತನಕ ನಿಂತ. ಕಾಣದಾದ ಮೇಲೂ ನಿಂತೇ ಇದ್ದ.

ಅಷ್ಟರಲ್ಲಿ ರಹಿಮಾನಸಾಬ ಏದುಸಿರು ಬಿಡುತ್ತ ಬಂದು, ಅವನ ಕೈಯಲ್ಲಿದ್ದ ಚೀಟಿಯನ್ನು ನೋಡಿ ಬೆನ್ನು ತಟ್ಟಿದ.

“ನಾಲ್ಕೂ ವಾಪಸ್ ಬಂದ್ವಲ್ಲೋ! ನಾ ಹೇಳ್ಲಿಲ್ಲೇನು, ಕಾಯ್ದೆ ಐತಿ ಅಂತ? ಕೇಸ್ ಹಾಕೂ ಮೊದಲ ಗೆದ್ದಿ ನೋಡು!”

“ಹೌದ್ರಿ ಚಾಚಾ,” ಅಂದ ಹುಲಿಗೇಶ. ಎದೆ ಇನ್ನೂ ಡಬಡಬ ಹೊಡೆದುಕೊಳ್ಳುತ್ತಿತ್ತು. ಇನ್ನು ಮೇಲೆ ಅದನ್ನು ಯಾವ ಡಾಕ್ಟರಿಗೂ ಹೇಳಬಾರದು ಅಂದುಕೊಂಡು, ನಾಲ್ಕೂ ಚೀಟಿ ಕಿಸೆಗೆ ಹಾಕಿಕೊಂಡ. ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು.