ನೀಲದುರ್ಗದ ಯುದ್ಧನೀತಿ ಮತ್ತು ಒಂದು ನಿಂಬೆಹಣ್ಣು

ಮಾಟ, ಮಂತ್ರ, ಮಾಯಾಸ್ತ್ರಗಳನ್ನು ಯುದ್ಧದಲ್ಲಿ ಎಷ್ಟರಮಟ್ಟಿಗೆ ಬಳಸಬಹುದು ಎಂಬ ಗಹನವಾದ ಪ್ರಶ್ನೆಗೆ ಲೋಕದ ದೊಡ್ಡ ದೊಡ್ಡ ಸಭೆಗಳು ಇನ್ನೂ ಉತ್ತರ ಕೊಟ್ಟಿಲ್ಲ. ಆ ಹೊಣೆ ಕೊನೆಗೆ ಹೆಬ್ಬಗೋಡಿಯ ವೆಂಕಟಮ್ಮನವರ ಬಿಲ್ಡಿಂಗಿನ ಮೇಲೆ ಬಿತ್ತು. ಗುರುವಾರ ಬೆಳಿಗ್ಗೆ ಅವರ ಹೊಸ್ತಿಲ ಮುಂದೆ, ಹಿಂದಿನ ದಿನದ ರಂಗೋಲಿಯ ನಟ್ಟನಡುವೆ, ಎರಡು ಹೋಳಾಗಿ ಕುಂಕುಮ ಮೆತ್ತಿಕೊಂಡ ನಿಂಬೆಹಣ್ಣೊಂದು ಕೂತಿತ್ತು. ರಾತ್ರಿ ಮನೆಗೆ ಬಂದ ಬಾಡಿಗೆಯವರೆಲ್ಲ ಅದನ್ನು ನೋಡಿದ್ದರು. ನೋಡಿದೆ ಅಂದರೆ ತಮಗೇ ತಗಲೀತೆಂದು ಸುತ್ತು ಹಾಕಿಕೊಂಡು ಮೆಟ್ಟಿಲು ಹತ್ತಿದ್ದರು.

"ಯಾರ್ಲಾ ಇದು ಮಡಗಿದ್ದು ನನ್ ಬಾಗ್ಲಾಗೆ?"

ಎರಡನೇ ಮಹಡಿಯಲ್ಲಿ ಹಲ್ಲುಜ್ಜುತ್ತಿದ್ದ ಭಾನುಪ್ರಕಾಶ್ ಕೆಳಗೆ ಬಗ್ಗಿ ನೋಡಿದ. ನೋಡಿದವನೇ ಬಾಯಲ್ಲಿದ್ದ ಪೇಸ್ಟನ್ನೆಲ್ಲ ನುಂಗಿಬಿಟ್ಟ. ಆ ನಿಂಬೆಹಣ್ಣು ಅವನದು.

ಭಾನುಪ್ರಕಾಶ್ ಹಗಲು ಹೊತ್ತು ಬೊಮ್ಮಸಂದ್ರದ ಒಂದು ಗಿಯರ್ ತಯಾರಿಸುವ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಉಳಿದ ಹೊತ್ತು ಮೊಬೈಲಿನ ಕತೆಯ ಆಪ್ ಒಂದರಲ್ಲಿ 'ನೀಲದುರ್ಗದ ಮಾಂತ್ರಿಕರು' ಎಂಬ ಧಾರಾವಾಹಿ ಬರೆಯುವವನು. ಅದರಲ್ಲಿ ಮಂತ್ರವಾದಿಗಳೂ ಮನುಷ್ಯರಿಲ್ಲದೆ ಹಾರುವ ಕಬ್ಬಿಣದ ಹದ್ದುಗಳೂ ಸೇರಿ ಊರಿಗೆ ಊರೇ ಸುಟ್ಟು ಹಾಕತೊಡಗಿದಾಗ, ಸೇಫ್ಟಿ ಆಫೀಸರನ ಮನಸ್ಸು ತಡೆಯದೆ ಒಂದು ಇಡೀ ಅಧ್ಯಾಯವನ್ನು 'ನೀಲದುರ್ಗ ಒಪ್ಪಂದ' ಎಂಬ ಯುದ್ಧನೀತಿಗೆ ಮೀಸಲಿಟ್ಟಿದ್ದ. ಮಲಗಿದವರ ಮೇಲೆ ಮಂತ್ರ ಹಾಕುವಂತಿಲ್ಲ. ಶರಣಾದವನನ್ನು ಕಪ್ಪೆ ಮಾಡುವಂತಿಲ್ಲ. ಬಾವಿಗೆ ಮಾಟ ಕೂಡದು. ಹದ್ದು ತಾನಾಗಿ ಕುಕ್ಕಿತು ಅನ್ನುವಂತಿಲ್ಲ, ಹಾರಿಸಿದವನೇ ಕುಕ್ಕಿದ ಹಾಗೆ. ಓದುಗರು ಆ ಅಧ್ಯಾಯವನ್ನು ದಾಟಿಕೊಂಡು ಮುಂದೆ ಹೋದರು. ಒಬ್ಬನೇ ಒಬ್ಬ ಅದನ್ನು ಎರಡು ಸಲ ಓದಿದ. ಅವನು ವೆಂಕಟಮ್ಮನವರ ಮಗ ದೇವರಾಜ್.

ಧಾರಾವಾಹಿಗೆ ಹೊಸ ಮುಖಚಿತ್ರ ಬೇಕಿತ್ತು. ಸಂಜೆ ಬಿಸಿಲು ವೆಂಕಟಮ್ಮನವರ ಹೊಸ್ತಿಲ ಮೇಲೆ ಚೆನ್ನಾಗಿ ಬೀಳುತ್ತದೆ, ರಂಗೋಲಿಯೂ ಪುಕ್ಕಟೆ. ಹಿಂದಿನ ಸಂಜೆ ನಿಂಬೆಹಣ್ಣು ಕೊಯ್ದು, ಕುಂಕುಮ ಸವರಿ, ಮೊಣಕಾಲೂರಿ ಫೋಟೋ ತೆಗೆಯುತ್ತಿದ್ದಾಗ ಮ್ಯಾನೇಜರ್ ಫೋನ್ ಮಾಡಿದ್ದರು. ಫೋನ್ ಕಿವಿಗಿಟ್ಟುಕೊಂಡು ಮೇಲೆ ಹೋದವನು ನಿಂಬೆಹಣ್ಣನ್ನು ಅಲ್ಲೇ ಮರೆತಿದ್ದ.

"ಇನ್ಯಾರು, ಆ ರೊಟ್ಟಿಯವ್ಳೇ," ವೆಂಕಟಮ್ಮ ತೀರ್ಮಾನ ಕೊಟ್ಟರು. "ನಿನ್ನೆ ತಾನೆ ಬೈದಿದ್ದೆ, ಬೆಳ್ಗಾಗೋ ಮುಂಚೆ ಟಪಟಪ ಅಂತ ಬಡೀಬ್ಯಾಡ ಅಂತ. ಅದ್ಕೆ ಸೇಡು ತೀರಿಸ್ಕೊಂಡವ್ಳೆ."

ಮೊದಲ ಮಹಡಿಯ ಬಸಕ್ಕ ಯಾದಗಿರಿ ಕಡೆಯವಳು. ಗಂಡ ಹಣಮಂತ ಗಾರೆ ಕೆಲಸಕ್ಕೆ ಹೋಗುತ್ತಾನೆ, ಇವಳು ರೂಮಿನಲ್ಲೇ ಜೋಳದ ರೊಟ್ಟಿ ಬಡಿದು ಸುತ್ತಲಿನ ಮೆಸ್ಸುಗಳಿಗೆ ಕೊಡುತ್ತಾಳೆ. ಅವಳ ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು.

"ನಾ ಯಾಕ ಇಡ್ಲಿ ಅವ್ವಾರ? ಲಿಂಬಿಹಣ್ಣಿನ ರೇಟ್ ಏನೈತಿ ಗೊತ್ತೈತೇನ್ರಿ? ನನ್ ಕಡೆ ಇದ್ದಿದ್ರ ಉಪ್ಪಿನಕಾಯಿ ಹಾಕ್ತಿದ್ನಿ."

"ಅದೆಲ್ಲ ನಂಗೊತ್ತಿಲ್ಲ. ಸಾಯಂಕಾಲ್ದೊಳ್ಗೆ ರೂಮ್ ಕಾಲಿ ಮಾಡು."

ಬಸಕ್ಕನ ಮುಖ ಇಳಿಯಿತು. ಒಲೆ, ಹಂಚು, ಹಿಟ್ಟಿನ ಚೀಲದ ಸಮೇತ ರೊಟ್ಟಿಯವಳಿಗೆ ರೂಮು ಕೊಡುವವರು ಹೆಬ್ಬಗೋಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇದು ಭಾನುಪ್ರಕಾಶನಿಗೂ ಗೊತ್ತು. ಈಗಲೇ ಹೇಳಿಬಿಡಬೇಕು ಎಂದುಕೊಂಡ. ಹೇಳುವುದಾದರೂ ಏನು? ನಿಮ್ಮ ಹೊಸ್ತಿಲ ಮುಂದೆ ಮಂಡಿಯೂರಿ ಕೂತು ಮಂತ್ರವಾದಿಯ ಮುಖಚಿತ್ರ ತೆಗೆಯುತ್ತಿದ್ದೆ ಅಂತಲೇ? ಹೆಲ್ಮೆಟ್ಟಿನೊಳಗಿನ ಸೆಕೆಯ ಹಾಗೆ ನಾಚಿಕೆ ತಲೆಗೆ ಏರಿತು.

"ಅಮ್ಮಾ, ಒಂದ್ನಿಮಿಷ," ದೇವರಾಜ್ ಅಡ್ಡ ಬಂದ. "ಸುಮ್ಸುಮ್ನೆ ಕಾಲಿ ಮಾಡ್ಸಿದ್ರೆ ನಾಳೆ ಯಾವ್ದಾದ್ರೂ ಸಂಘದೋರು ಬಂದು ಕೂತ್ಕೋತಾರೆ. ಮಾಟದ ಕೇಸಿಗೆ ಲಾ ಗೊತ್ತಿರೋರು ನಮ್ ಬಿಲ್ಡಿಂಗಲ್ಲೇ ಇದಾರೆ. ಭಾನು ಸಾರ್, ಸ್ವಲ್ಪ ಕೆಳಗ್ ಬನ್ನಿ."

ಭಾನುಪ್ರಕಾಶ್ ಬ್ರಷ್ಷು ಕೈಯಲ್ಲಿ ಹಿಡಿದುಕೊಂಡೇ ಇಳಿದ. "ದೇವರಾಜ್, ಅದು ಬರೀ ಕತೆ ಕಣ್ರೀ."

"ಕತೆನೋ ಪುರಾಣನೋ, ಲಾ ಅಂತ ಬರ್ದಿರೋದು ನೀವೊಬ್ರೇ. ಹೇಳಿ ಸಾರ್, ಏನ್ಮಾಡ್ಬೇಕು?"

ಪೇಟೆಯಲ್ಲಿ ಓಡಾಡುವ ಕಳ್ಳನನ್ನೇ ಕರೆದು ಬೀಗದ ಬಗ್ಗೆ ಸಲಹೆ ಕೇಳಿದ ಹಾಗಾಯಿತು. ಆದರೆ ಅವನಿಗೆ ಒಂದು ದಾರಿ ಕಂಡಿತು. ತಪ್ಪೊಪ್ಪಿಕೊಳ್ಳದೆ, ಕಾನೂನಿನ ಬಲದಿಂದಲೇ ಬಸಕ್ಕನನ್ನು ಬಿಡಿಸಿದರೆ ಅವಳೂ ಉಳಿದಳು, ತನ್ನ ಮಾನವೂ ಉಳಿಯಿತು. ಅವನು ಗಂಟಲು ಸರಿಮಾಡಿಕೊಂಡ.

"ನೀಲದುರ್ಗ ಒಪ್ಪಂದದಲ್ಲಿ ಅಡುಗೆಯವರ ಮೇಲೆ, ನೀರು ಹೊರುವವರ ಮೇಲೆ ಕೈ ಮಾಡೋ ಹಾಗಿಲ್ಲ. ಬಸಕ್ಕ ರೊಟ್ಟಿ ಮಾಡೋರು. ಹಾಗಾಗಿ..."

"ಅದರ ಕೆಳಗಿನ ಲೈನ್ ಬಿಟ್ರಿ ಸಾರ್. ಅಡುಗೆಯವರೇ ಅಸ್ತ್ರ ಎತ್ತಿದರೆ ರಕ್ಷಣೆ ರದ್ದು ಅಂತ ಇದೆ."

"ಸರಿ. ಆದರೆ ಪ್ರತೀಕಾರ ಏಟಿಗೆ ತಕ್ಕಷ್ಟೇ ಇರಬೇಕು ಅಂತಾನೂ ಇದೆ. ಒಂದು ನಿಂಬೆಹಣ್ಣಿಗೆ ಮನೆ ಬಿಡಿಸೋದು ಜಾಸ್ತಿ ಆಯ್ತು."

"ಅಂಗಾರೆ ನಾನೂ ಅವ್ಳ ಬಾಗ್ಲಾಗೆ ಒಂದ್ ಕುಂಬಳಕಾಯಿ ಒಡೀಲಾ?" ಅಂದರು ವೆಂಕಟಮ್ಮ. ಅವರ ಧ್ವನಿಯಲ್ಲಿ ನಿಜವಾದ ಕುತೂಹಲವಿತ್ತು.

"ಬೇಡಮ್ಮ. ಮೊದಲು ಅಸ್ತ್ರ ಯಾರದು ಅಂತ ಗೊತ್ತಾಗ್ಬೇಕು..."

"ಅದಕ್ಕೂ ಬರ್ದಿದೀರಲ್ಲ ಸಾರ್," ದೇವರಾಜ್ ಮೊಬೈಲು ತೆಗೆದು ಓದಿದ. "'ವಾರಸುದಾರರಿಲ್ಲದ ಅಸ್ತ್ರ ಕಂಡುಬಂದಲ್ಲಿ, ಕೊನೆಯದಾಗಿ ಜಗಳವಾಡಿದವರೇ ಅದಕ್ಕೆ ಹೊಣೆ.' ಸಕ್ಕತ್ ಪಾಯಿಂಟ್."

ಆ ಸಾಲನ್ನು ಅವನು ತೂಕಡಿಸುತ್ತಾ ಬರೆದಿದ್ದ, ಅಧ್ಯಾಯ ಮುಗಿದರೆ ಸಾಕೆಂದು. ಬಸಕ್ಕ ಅವನ ಕಡೆ ನೋಡಿದಳು. ಓದು ಬರಹ ಬಲ್ಲ ಮನುಷ್ಯ ತನ್ನ ಮೇಲೆ ಎಲ್ಲೋ ಮೊದಲೇ ಬರೆದಿಟ್ಟಿದ್ದನಲ್ಲ ಅನ್ನುವ ನೋಟ ಅದು. ಭಾನುಪ್ರಕಾಶ್ ಬ್ರಷ್ಷನ್ನು ನೋಡುತ್ತಾ, "ತನಿಖೆ ಆಗಲಿ, ಸಂಜೆವರೆಗೆ ಟೈಮ್ ಕೊಡಿ," ಎಂದು ಗೊಣಗಿ ಮೇಲೆ ಓಡಿದ.

ಕಾರ್ಖಾನೆಯಲ್ಲಿ ಶಿಫ್ಟು ಶುರುವಾಗುವ ಮುಂಚೆ ದಿನಕ್ಕೊಂದು ವಿಷಯದ ಮೇಲೆ ಅವನು ಕೆಲಸಗಾರರನ್ನು ನಿಲ್ಲಿಸಿಕೊಂಡು ಮಾತಾಡಬೇಕು. ವಿಷಯವನ್ನು ಒಂದು ತಿಂಗಳ ಮುಂಚೆಯೇ ಅವನೇ ಗೊತ್ತುಮಾಡಿದ್ದ. ಅಂದಿನ ಬೋರ್ಡಿನಲ್ಲಿ ಅವನದೇ ದುಂಡು ಅಕ್ಷರದಲ್ಲಿ 'ನೀವು ಬಿಟ್ಟು ಹೋದದ್ದು ಇನ್ನೊಬ್ಬರಿಗೆ ಅಪಾಯ' ಎಂದಿತ್ತು. ಸ್ಪ್ಯಾನರ್, ಸುತ್ತಿಗೆ, ಎಣ್ಣೆಬಟ್ಟೆ ಎಂದು ಹೇಳುತ್ತಾ ಹೋದ. ನಿಂಬೆಹಣ್ಣು ಎಂದು ಬಾಯಿಗೆ ಬಂದದ್ದನ್ನು ಹೇಗೋ ತಡೆದ.

"ಸರ್," ಮಿಷಿನ್ ಆಪರೇಟರ್ ಮಲಕಪ್ಪ ಕೈ ಎತ್ತಿದ. "ಬಿಟ್ಟು ಹೋದಾಂವ ಎದುರಿಗೇ ನಿಂತು, ನಂದಲ್ಲ ಅಂತ ಸುಮ್ನಿದ್ರ ಏನ್ಮಾಡೂದ್ರಿ?"

"ಹಾಗೆಲ್ಲ ಯಾರೂ ಮಾಡಲ್ಲಪ್ಪ."

"ಇರ್ತಾರ್ರಿ. ಅಂಥಾವ್ನ ಮಾರಿ ಹೆಂಗಿರ್ತೈತಿ ಅಂತ ಒಮ್ಮೆ ನೋಡ್ಬೇಕ್ರಿ ನಾವು."

ಎಲ್ಲರೂ ನಕ್ಕರು. ಆ ಮಾರಿಯನ್ನು, ತನ್ನದೇ ಮುಖವನ್ನು, ಹೊತ್ತುಕೊಂಡೇ ಭಾನುಪ್ರಕಾಶ್ ದಿನವಿಡೀ ಕೆಲಸ ಮಾಡಿದ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಟ್ಟೆಯ ಅಂಚಿನಲ್ಲಿ ಬಡಿಸಿದ್ದ ನಿಂಬೆ ಹೋಳನ್ನು ಕಂಡು ಊಟ ಸೇರಲಿಲ್ಲ. ರೂಮು ಹುಡುಕಿಕೊಂಡು ತಲೆಯ ಮೇಲೆ ಹಿಟ್ಟಿನ ಚೀಲ ಹೊತ್ತು ಹೋಗುತ್ತಿರುವ ಬಸಕ್ಕ ಕಣ್ಣಿಗೆ ಕಟ್ಟಿದಳು. ನಾಚಿಕೆ ಎಷ್ಟಾಯಿತೆಂದರೆ, ಸಂಜೆ ಕಂಪನಿ ಬಸ್ಸಿನಲ್ಲಿ ಅವನು ಒಂದು ದೃಢನಿರ್ಧಾರಕ್ಕೆ ಬಂದ. ಜೀವನದಲ್ಲಿ ಒಮ್ಮೆಯಾದರೂ ನೇರವಾಗಿ ಹೇಳಿಬಿಡುವುದು. ಹೇಳಬೇಕಾದ ಮಾತನ್ನು ತುಟಿಯಲ್ಲೇ ಅಷ್ಟು ಸಲ ಅಂದುಕೊಂಡನೆಂದರೆ, ಪಕ್ಕದ ಸೀಟಿನವನು ಜಪ ಮಾಡುತ್ತಿದ್ದಾನೆಂದು ತಿಳಿದು ಕಾಲು ಹಿಂದಕ್ಕೆಳೆದುಕೊಂಡ.

ಗೇಟಿನೊಳಗೆ ಬಂದಾಗ ಬಿಲ್ಡಿಂಗಿನವರೆಲ್ಲ ಅಂಗಳದಲ್ಲಿದ್ದರು. ವೆಂಕಟಮ್ಮ ಬಸಕ್ಕನ ಕೈಗೆ ಕಾಫಿ ಲೋಟ ಕೊಡುತ್ತಿದ್ದರು. ಹೊರಟವಳಿಗೆ ಕೊನೆಯ ಕಾಫಿ, ಎಂದುಕೊಂಡಾಗ ಅವನ ಕಣ್ಣು ತುಂಬಿತು.

"ವೆಂಕಟಮ್ಮನವರೇ, ನಿಲ್ಲಿ. ತಪ್ಪು ಬಸಕ್ಕನದಲ್ಲ."

"ಸುಮ್ನಿರ್ರಿ ಸರ್," ಅಂದಳು ಬಸಕ್ಕ ಮೆಲ್ಲಗೆ.

ಎಂಥ ದೊಡ್ಡ ಮನಸ್ಸು, ಎಂದುಕೊಂಡು ಭಾನುಪ್ರಕಾಶ್ ಇನ್ನಷ್ಟು ಕರಗಿದ. "ಇಲ್ಲ ಬಸಕ್ಕ, ನಾನು ಹೇಳಲೇಬೇಕು."

"ಬ್ಯಾಡ್ರಿ ಸರ್. ಒಳಗ ಹೋಗಿ ಮಾರಿ ತೊಳ್ಕೋರಿ." ಅವಳು ಕಣ್ಣು ಸಣ್ಣದು ಮಾಡಿದಳು, ಹುಬ್ಬು ಹಾರಿಸಿದಳು, ಕೆಮ್ಮಿದಳು.

"ಆ ನಿಂಬೆಹಣ್ಣು ಇಟ್ಟಿದ್ದು ನಾನು. ಮುಖಚಿತ್ರಕ್ಕೆ ಫೋಟೋ ತೆಗೀತಿದ್ದೆ, ಮರೆತು ಹೋದೆ. ಬೆಳಿಗ್ಗೆ ಹೇಳೋಕೆ ನಾಚಿಕೆ ಆಯ್ತು. ಇದರಲ್ಲಿ ಮಾಟಾನೂ ಇಲ್ಲ ಮಂತ್ರಾನೂ ಇಲ್ಲ. ಬೇಕಾದ್ರೆ ನೋಡಿ." ಮೊಬೈಲು ತೆಗೆದು ಫೋಟೋಗಳನ್ನು ಒಂದೊಂದಾಗಿ ಎಲ್ಲರಿಗೂ ತೋರಿಸಿದ. ಕೊನೆಯದರಲ್ಲಿ ವೆಂಕಟಮ್ಮನವರ ಚಪ್ಪಲಿಯೂ ಇತ್ತು.

ವೆಂಕಟಮ್ಮ ಫೋಟೋ ನೋಡಿದರು, ಬಸಕ್ಕನನ್ನು ನೋಡಿದರು. "ಅಂಗಾರೆ ಇವ್ಳಿಗೆ ಏನೂ ಬರಾಕಿಲ್ವಾ?"

"ಏನೂ ಬರಲ್ಲಮ್ಮ. ಪಾಪ, ರೊಟ್ಟಿ ಬಿಟ್ರೆ."

ವೆಂಕಟಮ್ಮ ಬಸಕ್ಕನ ಕೈಯಿಂದ ಕಾಫಿ ಲೋಟವನ್ನು ವಾಪಸ್ ತೆಗೆದುಕೊಂಡರು.

ನಡೆದದ್ದನ್ನು ಆಮೇಲೆ ದೇವರಾಜ್ ಮೆಟ್ಟಿಲ ಮೇಲೆ ಕೂತು ವಿವರಿಸಿದ. ಭಾನುಪ್ರಕಾಶ್ ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೆ ಬೋರಿನ ಮೋಟರು ಸುಟ್ಟುಹೋಯಿತು. ಮಧ್ಯಾಹ್ನ ಸಂಪಿನಲ್ಲಿ ನೀರೆಷ್ಟಿದೆ ಎಂದು ಬಗ್ಗಿ ನೋಡಿದ ವೆಂಕಟಮ್ಮನವರ ಕಟ್ಟಿಸಿದ ಹಲ್ಲು ಅದರೊಳಗೆ ಬಿತ್ತು. ಅವರು ನಡುಗಿಹೋಗಿ ಬಸಕ್ಕನ ರೂಮಿಗೇ ಹೋಗಿ, ಹಾಕಿದ್ದನ್ನು ವಾಪಸ್ ತಗೋ ತಾಯಿ ಎಂದು ಬೇಡಿಕೊಂಡಿದ್ದರು. ಮೊದಲ ಸಲ ಬಸಕ್ಕ, ನಂಗೇನೂ ಗೊತ್ತಿಲ್ರಿ ಅಂದಳು. ಎರಡನೇ ಸಲ ಸುಮ್ಮನಿದ್ದಳು. ಮೂರನೇ ಸಲ, "ನೋಡೂಣಂತ್ರಿ," ಅಂದಳು. ಅಷ್ಟಕ್ಕೇ ಕದನವಿರಾಮವಾಗಿತ್ತು. ರೂಮು ಬಿಡಬೇಕಿಲ್ಲ, ರೊಟ್ಟಿ ಯಾವಾಗ ಬೇಕಾದರೂ ಬಡಿಯಬಹುದು, ಟೆರೇಸಿನ ಶೆಡ್ಡಿನಲ್ಲಿ ಇನ್ನೊಂದು ಒಲೆಯನ್ನೂ ಹೂಡಬಹುದು. ಮಾಟವೇ ಬಾರದವಳು ತನ್ನನ್ನು ಹೆದರಿಸಿದಳೆಂದು ವೆಂಕಟಮ್ಮ ಈಗ ಅದನ್ನೆಲ್ಲ ರದ್ದು ಮಾಡಿ, ಮತ್ತೆ ರೂಮು ಬಿಡು ಅಂದಿದ್ದರು.

"ನಿಮ್ ಲಾದಲ್ಲಿ ಇದೊಂದು ಬಿಟ್ಟೋಗಿದೆ ಸಾರ್," ದೇವರಾಜ್ ವಿಮರ್ಶಕನ ಹಾಗೆ ತಲೆಯಾಡಿಸಿದ. "ಅಸ್ತ್ರ ಇದೆ ಅಂತ ಎದುರಾಳಿ ನಂಬಿದ್ರೆ ಸಾಕು, ಯುದ್ಧಾನೇ ಬೇಕಾಗಲ್ಲ."

ಭಾನುಪ್ರಕಾಶ್ ಕ್ಷಮೆ ಕೇಳಲು ಬಸಕ್ಕನ ಬಾಗಿಲಿಗೆ ಹೋದ. ಅವಳು ಹಂಚನ್ನು ಗೋಣಿಚೀಲದಲ್ಲಿ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ಬಸಕ್ಕ, ನಾನು ಒಳ್ಳೇದಾಗ್ಲಿ ಅಂತಾನೇ..."

"ಹೌದ್ರಿ ಸರ್. ಬಾಯಿ ತೆರೀಬೇಕಾದಾಗ ಬ್ರಷ್ ಇಟ್ಗೊಂಡು ನಿಂತ್ರಿ. ಮುಚ್ಚಬೇಕಾದಾಗ ಮೊಬೈಲ್ ತಗದು ತೋರ್ಸಿದ್ರಿ." ಅವಳು ಚೀಲಕ್ಕೆ ಗಂಟು ಬಿಗಿದಳು. "ಸರೀರಿ, ಆ ಹಿಟ್ಟಿನ ಚೀಲಕ್ಕ ಒಂದ್ ಕೈ ಹಚ್ರಿ."

ಅವನು ಕೈ ಹಚ್ಚಿದ. ಮಾಡಿದ ತಪ್ಪಿಗೆ ವೆಂಕಟಮ್ಮ ತನ್ನನ್ನೂ ಖಾಲಿ ಮಾಡಿಸಿಯಾರು ಎಂದು ಅವನಿಗೆ ಒಂದು ಸಣ್ಣ ಆಸೆ ಇತ್ತು. ಅವರು ಹಾಗೇನೂ ಮಾಡಲಿಲ್ಲ. ಮೇಲಿನ ಮನೆಯವನು ಸತ್ಯವಂತ, ಇಂಥವರು ಸಿಗೋದು ಕಷ್ಟ ಎಂದು ಬೀದಿಗೆಲ್ಲ ಹೇಳಿದರು.

ಬಸಕ್ಕ ಭಾನುವಾರ ರೂಮು ಖಾಲಿ ಮಾಡಿದಳು.